ಸಹಾಯ ಬೇಕು: ಜರ್ಮನ್ ಲೇಖಕ ಎರಿಕ್ ಕೆಸ್ಟ್ನರ್ ಕಾದಂಬರಿಯನ್ನು ಮಕ್ಕಳ ನಾಟಕ ಮಾಡ್ತಿದ್ದೀವಿ, ಸೇತುವೆ ದೃಶ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ಎಲ್ಲರಿಗೂ ನಮಸ್ಕಾರ. 1931ರ 'ಪುಂಕ್ಟ್‌ಶೆನ್ ಮತ್ತು ಆಂಟನ್' ಕಾದಂಬರಿಯನ್ನು ರಂಗಕ್ಕೆ ಇಳಿಸ್ತಿದ್ದೇನೆ. ಪುಂಕ್ಟ್‌ಶೆನ್ ಬರ್ಲಿನ್‌ನ ಊರುಗೋಲು ಕಾರ್ಖಾನೆ ಮಾಲೀಕನ ಮಗಳು, ಆಂಟನ್ ಕಾಯಿಲೆ ಬಿದ್ದ ತಾಯಿಗೆ ತಾನೇ ಅಡುಗೆ ಮಾಡಿಹಾಕುವ ಬಡ ಹುಡುಗ.

ಮೊದಲ ದೃಶ್ಯ ಚೆನ್ನಾಗಿ ಬಂದಿದೆ. ಪುಂಕ್ಟ್‌ಶೆನ್ ಮನೆಯೊಳಗೆ ಗೋಡೆಗೆ ನಮಸ್ಕಾರ ಮಾಡ್ತಾ ಬೆಂಕಿಕಡ್ಡಿ ಮಾರೋ ಅಭ್ಯಾಸ ಮಾಡ್ತಾಳಲ್ಲ, ನಮ್ಮ ಹುಡುಗಿ ಅದನ್ನು ಮಾಡಿದರೆ ಎಲ್ಲರೂ ನಗ್ತಾರೆ. ಕಷ್ಟ ಇರೋದು ಆಮೇಲೆ. ರಾತ್ರಿ ವೈಡನ್‌ಡಾಮ್ ಸೇತುವೆ ಮೇಲೆ ಅವಳು ಒಂದು ಕಡೆ ಬೆಂಕಿಕಡ್ಡಿ ಮಾರ್ತಾಳೆ, ಕುರುಡಿ ವೇಷದ ಆಯಾ ಪಕ್ಕದಲ್ಲಿ, ಎದುರು ಬದಿಯಲ್ಲಿ ಆಂಟನ್ ಶೂ ಲೇಸ್ ಹಿಡಿದು ನಿಂತಿರ್ತಾನೆ. ಅವಳಿಗೆ ಅದು ಆಟ, ಅವನಿಗೆ ಹೊಟ್ಟೆಪಾಡು. ಇದನ್ನು ಯಾರೂ ಬಾಯಿಬಿಟ್ಟು ಹೇಳದೆ ಪ್ರೇಕ್ಷಕರಿಗೆ ತಿಳಿಯಬೇಕು ಅಲ್ವಾ? ಈಗ ಇಬ್ಬರೂ ಒಂದೇ ಥರ ಕೂಗ್ತಾರೆ, ವ್ಯತ್ಯಾಸವೇ ಕಾಣಲ್ಲ. ಆಂಟನ್‌ನನ್ನು ಸುಮ್ನೆ ನಿಲ್ಲಿಸಿಬಿಡಲಾ?

ಇನ್ನೊಂದು, ಪ್ರತಿ ಅಧ್ಯಾಯದ ಕೊನೆಗೆ ಲೇಖಕರೇ ಬಂದು ಹೆಮ್ಮೆ, ಧೈರ್ಯ, ಬಡತನ ಅಂತ ಓದುಗರ ಜೊತೆ ಮಾತಾಡ್ತಾರೆ. ಓದೋಕೆ ಸೊಗಸು. ರಂಗದ ಮೇಲೆ ಮೇಷ್ಟ್ರ ಪಾಠ ಆಗಿಬಿಡುತ್ತೆ ಅನ್ನೋ ಭಯ. ಪೂರ್ತಿ ತೆಗೆಯೋಕೂ ಮನಸ್ಸಿಲ್ಲ. ನಾಯಿ ಪೀಫ್ಕೆ ಬಾಯಿಂದ ಹೇಳಿಸೋಣ ಅಂತ ಒಬ್ಬ ಹುಡುಗ ಹೇಳಿದ (ಅವನೇ ನಾಯಿ ಪಾತ್ರ ಮಾಡೋದು, ಮಾತು ಜಾಸ್ತಿ ಸಿಗಲಿ ಅಂತ!).

ಕಳ್ಳ ಬರ್ತಾನೆ ಅಂತ ಪುಂಕ್ಟ್‌ಶೆನ್ ಮನೆಯ ಅಡುಗೆಯವಳು ಬೆರ್ಟಾಗೆ ಆಂಟನ್ ಫೋನ್ ಮಾಡೋ ದೃಶ್ಯಕ್ಕೆ ಎರಡು ಬೆಳಕಿನ ವೃತ್ತ ಸಾಕು ಅನ್ಸುತ್ತೆ. ಮಕ್ಕಳ ನಾಟಕ ಮಾಡಿಸಿದವರು ಮೊದಲೆರಡಕ್ಕೆ ಏನಾದರೂ ದಾರಿ ಹೇಳಿ.