ಅಪ್‌ಡೇಟ್: ಪೈಪ್‌ನಿಂದ ಬಂದ ಸಾಲುಗಳ ಎಣಿಕೆ ಕೊನೆಗೂ ಸರಿಹೋಯಿತು
ಪೈಪ್‌ನಿಂದ (ಒಂದು ಆದೇಶದ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ಕೊಂಡಿ) ಬರುವ 42 ಸಾಲುಗಳನ್ನು ವೈಲ್ ಲೂಪ್‌ನಲ್ಲಿ ಎಣಿಸಿದರೆ ಮ್ಯಾಕ್‌ನ ಝಡ್‌ಶೆಲ್ 42 ಎನ್ನುತ್ತದೆ, ಲಿನಕ್ಸ್‌ನ ಬ್ಯಾಷ್ 0 ಎನ್ನುತ್ತದೆ (ಎರಡೂ ಆದೇಶಗಳನ್ನು ನಡೆಸುವ ಶೆಲ್‌ಗಳು), ಏಕೆ ಎಂದು ಕೇಳಿದ್ದೆನಲ್ಲ, ಅದು ಬಗೆಹರಿದಿದೆ. ಬ್ಯಾಷ್ ಪೈಪ್‌ನ ಕೊನೆಯ ತುಂಡನ್ನೂ ಸಬ್‌ಶೆಲ್‌ನಲ್ಲಿ, ಅಂದರೆ ಶೆಲ್‌ನ ಪ್ರತ್ಯೇಕ ನಕಲಿನಲ್ಲಿ, ಓಡಿಸುತ್ತದೆ. ಅದು ಮುಗಿದೊಡನೆ ಎಣಿಕೆಯೂ ಮಾಯ.

ಕೊನೆಯ ತುಂಡನ್ನು ಮೂಲ ಶೆಲ್‌ನಲ್ಲೇ ಓಡಿಸುವ ಬ್ಯಾಷ್‌ನ ಲಾಸ್ಟ್‌ಪೈಪ್ ಆಯ್ಕೆ ಹಾಕಿ ನೋಡಿದೆ. ಮ್ಯಾಕ್‌ನ ಹಳೆಯ ಬ್ಯಾಷ್ 3.2ಕ್ಕೆ ಅದರ ಗಂಧವೇ ಇಲ್ಲ, ಡ್ಯಾಷ್ ಎಂಬ ಇನ್ನೊಂದು ಶೆಲ್‌ಗಂತೂ ಕೇಳಲೇಬೇಡಿ. ಗೆದ್ದದ್ದು ಅತಿ ಸರಳ ಸಲಹೆ: ಲೂಪನ್ನೂ ಎಣಿಕೆ ಮುದ್ರಿಸುವ ಸಾಲನ್ನೂ ಪೈಪ್‌ನ ಬಲಕ್ಕೆ ಒಂದೇ ಕರ್ಲಿ ಬ್ರಾಕೆಟ್‌ನೊಳಗೆ ಸೇರಿಸುವುದು. ಸಲಹೆ ಕೊಟ್ಟವರಿಗೆ ದೊಡ್ಡ ನಮಸ್ಕಾರ.

ಆದರೂ ಒಂದು ಕಡತಕ್ಕೆ 41 ಬರುತ್ತಿತ್ತು! ಕೊನೆಯ ಸಾಲಿನ ತುದಿಯಲ್ಲಿ ನ್ಯೂಲೈನ್ (ಸಾಲು ಮುಗಿಯಿತೆಂಬ ಗುರುತು) ಇರಲಿಲ್ಲ. ಆಗ ಸಾಲು ಓದುವ ರೀಡ್ ಆದೇಶ ಆ ಸಾಲನ್ನು ಓದಿಯೂ ವಿಫಲವೆಂದು ಹೇಳಿ ಲೂಪ್ ನಿಲ್ಲಿಸುತ್ತದೆ. ‘ಅಥವಾ ಸಾಲು ಖಾಲಿಯಿಲ್ಲದಿದ್ದರೆ’ ಎಂಬ ಷರತ್ತು ಸೇರಿಸಿದ ಮೇಲೆ ಎಲ್ಲ ಕಡೆ 42.