ಮ್ಯಾಚ್‌ಗೆ ರಿವಾಲ್ವರ್: 686 ಸಾಕಾ, 929 ತಗೊಳ್ಳಾ?

ಡಲ್ಲಾಸ್_ಹುಡ್ಗ:
ಎಲ್ರಿಗೂ ನಮಸ್ಕಾರ. ಗ್ರೀನ್ ಕಾರ್ಡ್ ಬಂದ್ಮೇಲೆ ರೇಂಜ್ ಹುಚ್ಚು ಹತ್ಕೊಂಡಿದೆ, ಸ್ಮಿತ್ ಅಂಡ್ ವೆಸನ್ 686 ಇದೆ, 4 ಇಂಚು ಬ್ಯಾರೆಲ್, 6 ಗುಂಡು. ಯುಎಸ್‌ಪಿಎಸ್‌ಎ (ಓಡಾಡ್ತಾ ಗುರಿ ಹೊಡೆಯೋ ಅಮೆರಿಕದ ಶೂಟಿಂಗ್ ಸ್ಪರ್ಧೆ) ಮ್ಯಾಚ್‌ಗೆ ಹೋದ್ರೆ ರಿವಾಲ್ವರ್‌ನೋರ ಕೈಲೆಲ್ಲಾ ಅದೇ ಕಂಪನಿಯ 8 ಗುಂಡಿನ 929, ನಾನು ಸ್ಪೀಡ್‌ಲೋಡರ್ (ಗುಂಡೆಲ್ಲಾ ಒಟ್ಟಿಗೆ ತುಂಬೋ ಸಾಧನ) ತಡಕಾಡೋಷ್ಟ್ರಲ್ಲಿ ಅವ್ರು ಸ್ಟೇಜ್ (ಸ್ಪರ್ಧೆಯ ಒಂದು ಸುತ್ತು) ಮುಗಿಸಿ ನೀರು ಕುಡೀತಿರ್ತಾರೆ. ಸಾಲದ್ದಕ್ಕೆ ಟ್ರಿಗರ್ ಭಾರ ಅಂತ ಗನ್ ರಿಪೇರಿ ಮಾಡೋ ಒಬ್ಬ ಗನ್‌ಸ್ಮಿತ್ ಹತ್ರ ಹಗುರ ಮಾಡಿಸ್ದೆ, ಬೆಣ್ಣೆ ಥರ ಆಯ್ತು, ಆದ್ರೆ ಹೋದ ಮ್ಯಾಚಲ್ಲಿ ಮೂರು ಸಲ ಬರೀ ಟಿಕ್ ಅಂತು, ಗುಂಡು ಹಾರ್ಲೇ ಇಲ್ಲ. ಏನ್ ಮಾಡ್ಲಿ?

ಹಳೇ_ಸಿಲಿಂಡರ್:
ಗುರುವೇ, ಹಾರದೇ ಇದ್ದ ಆ ಗುಂಡು ಇಟ್ಕೊಂಡಿದೀಯಾ? ಹಿಂದೆ ಪ್ರೈಮರ್ (ಹೊಡೆತಕ್ಕೆ ಕಿಡಿ ಕೊಡೋ ಪುಟ್ಟ ಬಿಲ್ಲೆ) ನೋಡು, ಅದರ ಮೇಲಿನ ಗುಳಿ ಆಳ ಇಲ್ದೆ ಬಿದ್ದಿದ್ರೆ ಹ್ಯಾಮರ್ ಹೊಡೆತ ಸಾಲ್ತಿಲ್ಲ ಅಂತ ಅರ್ಥ. ಗ್ರಿಪ್ ಬಿಚ್ಚಿದ್ರೆ ಮುಂದ್ಗಡೆ ಸಣ್ಣ ಸ್ಕ್ರೂ ಕಾಣುತ್ತೆ, ಹ್ಯಾಮರ್‌ಗೆ ಬಲ ಕೊಡೋ ಮೇನ್‌ಸ್ಪ್ರಿಂಗ್ ಒತ್ತಿ ಹಿಡಿಯೋದು ಅದೇ, ಟ್ರಿಗರ್ ಹಗುರ ಆಗ್ಲಿ ಅಂತ ಕೆಲವ್ರು ಅದನ್ನೇ ಸಡಿಲ ಮಾಡಿ ಕೈತೊಳ್ಕೊಂಡ್‌ಬಿಡ್ತಾರೆ, ಆಮೇಲೆ ಹೊಡೀತಾ ಹೊಡೀತಾ ಅದು ಇನ್ನೂ ಸಡಿಲ ಆಗುತ್ತೆ. ಅಷ್ಟು ಹಗುರ ಬೇಕೇಬೇಕು ಅಂದ್ರೆ ಫೆಡರಲ್ ಕಂಪನಿ ಪ್ರೈಮರ್ ಹಾಕು, ಅದು ಮೆತ್ತಗಿರುತ್ತೆ. ನಾನಂತೂ ಅರ್ಧ ಕೆಜಿ ಜಾಸ್ತಿ ಎಳೀತೀನಿ, ಟಿಕ್ ಅನ್ನೋದು ಬೇಡ.

ಮೂನ್‌ಕ್ಲಿಪ್_ಮಾಮ:
ನನ್ ಹತ್ರ 929 ಇದೆ. 8 ಗುಂಡು ಒಟ್ಟಿಗೆ ಮೂನ್‌ಕ್ಲಿಪ್‌ನಲ್ಲಿ (ಗುಂಡುಗಳ್ನ ಕಚ್ಚಿ ಹಿಡಿಯೋ ತೆಳು ತಗಡಿನ ಬಿಲ್ಲೆ) ಬೀಳುತ್ತೆ, ಆ ಸುಖಾನೇ ಬೇರೆ, ಆದ್ರೆ ಕ್ಲಿಪ್ ಒಂದು ಕೂದಲೆಳೆಯಷ್ಟು ಸೊಟ್ಟ ಆದ್ರೂ ಗುಂಡು ಕೂರೋ ಸಿಲಿಂಡರ್ ತಿರುಗೋಕೆ ತಕರಾರು. ಮ್ಯಾಚ್ ಹಿಂದಿನ ರಾತ್ರಿ ಒಂದೊಂದೇ ತುಂಬ್ಸಿ ಸಿಲಿಂಡರ್‌ಗೆ ಹಾಕಿ ತಿರುಗ್ಸಿ ನೋಡೋದೇ ಕೆಲ್ಸ, ಹೆಂಡ್ತಿ ಹೂ ಕಟ್ತಿದೀರಾ ಅಂತ ನಗ್ತಾಳೆ. ಸಿಲಿಂಡರ್ ಟೈಟಾನಿಯಂದು, ಮರಳು ಕಾಗದ ಗಿಗದ ಹಾಕಿ ಉಜ್ಜೋ ಹಾಗಿಲ್ಲ. ಅಷ್ಟು ದುಡ್ಡು ಈಗ್ಲೇ ಹಾಕ್ಬೇಡಿ, ಐಡಿಪಿಎ ಅಂತ ಇನ್ನೊಂದು ಶೂಟಿಂಗ್ ಸ್ಪರ್ಧೆ ಇದೆ, ಅದ್ರಲ್ಲಿ ರಿವಾಲ್ವರ್ ಅಂದ್ರೆ 6 ಗುಂಡೇ, ನಿಮ್ 686 ಅಲ್ಲಿಗೆ ಸರಿಹೋಗುತ್ತೆ. ಸಿಲಿಂಡರ್ ತೂತುಗಳ ಅಂಚು ಮಾತ್ರ ಒಂಚೂರು ಇಳಿಜಾರು ಮಾಡ್ಸಿ, ಗುಂಡು ತಡವರಿಸ್ದೆ ಒಳಗೆ ಜಾರುತ್ತೆ.

ಬೆಂಗಳೂರು_ಶೂಟರ್:
ಇಲ್ಲಿ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆನಲ್ಲಿ ಟ್ರಿಗರ್ 1000 ಗ್ರಾಂಗಿಂತ ಹಗುರ ಇರೋ ಹಾಗೇ ಇಲ್ಲ, ತೂಕ ನೇತಾಕಿ ಚೆಕ್ ಮಾಡ್ತಾರೆ. ರಿವಾಲ್ವರ್ ತರಬಹುದು ಅಂತ ರೂಲ್ ಇದ್ರೂ ನನ್ ಅಕ್ಕಪಕ್ಕದ ಲೇನ್‌ನಲ್ಲೆಲ್ಲಾ .32 ಪಿಸ್ತೂಲೇ ಕಾಣೋದು. ನಿಮ್ ಥ್ರೆಡ್ ಓದಿ ಹೊಟ್ಟೆ ಉರೀತು ಅಷ್ಟೇ 😄

ಡಲ್ಲಾಸ್_ಹುಡ್ಗ:
@ಹಳೇ_ಸಿಲಿಂಡರ್ ಗ್ರಿಪ್ ಬಿಚ್ದೆ ಅಣ್ಣ. ಸ್ಕ್ರೂ ಎರಡು ಸುತ್ತು ಸಡಿಲ ಇತ್ತು. ಬಿಗಿ ಮಾಡಿದೀನಿ, ಶನಿವಾರ ರೇಂಜ್‌ಗೆ ಹೋಗಿ ಬಂದು ಹೇಳ್ತೀನಿ.