ಪಟ್ಟಿಯಲ್ಲಿ ತಂಗಡಿ ಎರಡು ಸಲ ಬರ್ತಿದೆ: ಕ್ಯಾಸಿಯಾನಾ, ಸೆನ್ನಾನಾ?

ಕಪ್ಪತಗಿರಿ (ಗದಗ):
ನಮಸ್ಕಾರ್ರಿ. ಕಪ್ಪತಗುಡ್ಡದ ಗಿಡಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡ್ತಾ ಇದ್ದೇವೆ. ತಂಗಡಿಗೆ ಹಳೆ ಪುಸ್ತಕ ನೋಡಿದವರು ಕ್ಯಾಸಿಯಾ ಆರಿಕ್ಯುಲೇಟಾ ಎಂದು ಬರೆದಿದ್ದಾರೆ. ಮೊಬೈಲ್ ಆ್ಯಪ್ ನೋಡಿದವರು ಸೆನ್ನಾ ಆರಿಕ್ಯುಲೇಟಾ ಎಂದಿದ್ದಾರೆ. ಒಂದೇ ಗಿಡ ಎರಡಾಗಿ ಎಣಿಕೆಗೆ ಬರುತ್ತಿದೆ. ಕ್ಯಾಸಿಯಾ ಇದ್ದಲ್ಲೆಲ್ಲ ಸೆನ್ನಾ ಎಂದು ಒಂದೇ ಏಟಿಗೆ ಬದಲಾಯಿಸಿಬಿಡಲಾ?

ಧಾರವಾಡ ಪೇಡೆ:
ಬೇಡ್ರಿ! ಕಕ್ಕೆ ಗಿಡದ ಹೆಸರು ಕೆಡುತ್ತದೆ. ಅದು ಇವತ್ತಿಗೂ ಕ್ಯಾಸಿಯಾ ಫಿಸ್ಟುಲಾನೇ.

ನಿಮ್ಮ ತಂಗಡಿ ಮಾತ್ರ ಒಂದೇ ಗಿಡ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಅದನ್ನು ಕ್ಯಾಸಿಯಾ ಎಂದ. ಭಾರತದ ಗಿಡಗಳ ಬಗ್ಗೆ ಬರೆದ ರಾಕ್ಸ್‌ಬರ್ಗ್ ಸೆನ್ನಾಗೆ ಸೇರಿಸಿದ. ಅದು ಅಚ್ಚಾಗಿದ್ದು 1832ರಲ್ಲಿ, ಅವನು ತೀರಿಕೊಂಡು 17 ವರ್ಷ ಆದ ಮೇಲೆ. ಆದರೂ ಜಾಸ್ತಿ ಜನ ಹಳೆ ಹೆಸರನ್ನೇ ಬಳಸುತ್ತಾ ಬಂದರು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದಾಗ ಕುಕ್ ಬರೆದ ಆ ಪ್ರಾಂತ್ಯದ ಗಿಡಗಳ ಪುಸ್ತಕದಲ್ಲೂ ಕ್ಯಾಸಿಯಾನೇ ಇದೆ. 1982ರಲ್ಲಿ ಇರ್ವಿನ್ ಮತ್ತು ಬಾರ್ನಬಿ ಆ ದೊಡ್ಡ ಕ್ಯಾಸಿಯಾ ಕುಲವನ್ನು (ಹೆಸರಿನ ಮೊದಲ ಪದ ಕುಲದ್ದು) ಕ್ಯಾಸಿಯಾ, ಸೆನ್ನಾ, ಕಮೀಕ್ರಿಸ್ಟಾ ಎಂದು ಮೂರು ಪಾಲು ಮಾಡಿದರು. ಆಮೇಲೆ ಸೆನ್ನಾ ನೆಲೆ ನಿಂತಿತು.

ಇದು ಸುಮ್ನೆ ಹೆಸರಿನ ಆಟ ಅಲ್ಲ. ಕಕ್ಕೆ ಹೂವಿನಲ್ಲಿ ಕೆಳಗಿನ ಮೂರು ಕೇಸರಗಳ ಎಳೆ ಉದ್ದವಾಗಿ ಕೊಕ್ಕೆಯಂತೆ ಬಾಗಿರುತ್ತವೆ. ತಂಗಡಿಯಲ್ಲಿ ಹಾಗಿರಲ್ಲ.

ಕಪ್ಪತಗಿರಿ:
ಸೀಮೆ ತಂಗಡಿ, ತಗಚೆ?

ಧಾರವಾಡ ಪೇಡೆ:
ಎರಡೂ ಸೆನ್ನಾ. ಸೆನ್ನಾ ಸಿಯಾಮಿಯಾ, ಸೆನ್ನಾ ಟೋರಾ. ಎರಡು ಕಾಲಂ ಮಾಡಿ: ಈಗಿನ ಹೆಸರು ಒಂದರಲ್ಲಿ, ಹಳೆಯವು ಇನ್ನೊಂದರಲ್ಲಿ. ಎಣಿಸುವುದು ಮೊದಲನೆಯದರಿಂದ ಮಾತ್ರ. ಹಳೆಯದನ್ನು ಅಳಿಸಬೇಡಿ. ಹರ್ಬೇರಿಯಂನ (ಒಣಗಿಸಿದ ಗಿಡಗಳ ಸಂಗ್ರಹ) ಹಳೆ ಹಾಳೆಗಳು ಆ ಹೆಸರಿನಲ್ಲೇ ಇರುತ್ತವೆ. ಇನ್ನೊಂದು, ಸೆನ್ನಾ ಆರಿಕ್ಯುಲೇಟಾ ಮುಂದೆ ಕಂಸದಲ್ಲಿ ಲಿನೇಯಸ್, ಹೊರಗೆ ರಾಕ್ಸ್‌ಬರ್ಗ್ ಬರಬೇಕು. ಮೊದಲು ಹೆಸರಿಟ್ಟವನು ಕಂಸದೊಳಗೆ, ಕುಲ ಬದಲಿಸಿದವನು ಹೊರಗೆ. ಟೈಪ್ ಮಾಡುವವರು ಕಂಸ ನುಂಗಿಬಿಡ್ತಾರೆ, ನೋಡ್ಕೊಳ್ಳಿ.

ಹಾವೇರಿ ಏಲಕ್ಕಿ:
ಆ್ಯಪ್ ನಂಬುವ ಮುಂಚೆ ಎಲೆ ಬುಡ ನೋಡ್ರಿ. ತಂಗಡಿಗೆ ಅಲ್ಲಿ ಕಿವಿಯಾಕಾರದ ಅಗಲ ಉಪಪತ್ರಗಳು (ತೊಟ್ಟಿನ ಬುಡದಲ್ಲಿ ಎಲೆಯಂಥ ಭಾಗ) ಇರುತ್ತವೆ. ಒಂದೇ ಎಲೆಯ ಕಿರುಎಲೆ ಜೋಡಿಗಳ ನಡುವೆ ಸಣ್ಣ ಗ್ರಂಥಿ. ಸೀಮೆ ತಂಗಡಿಗೆ ಆ ಗ್ರಂಥಿ ಇಲ್ಲ, ಉಪಪತ್ರವೂ ಬಲು ಚಿಕ್ಕದು.

ಕಪ್ಪತಗಿರಿ:
ಎಣಿಕೆ ಸರಿಯಾಯ್ತು, ಥ್ಯಾಂಕ್ಸ್ ರೀ. ಮಂಗಾರೆಗೆ ರ‍್ಯಾಂಡಿಯಾ, ಜೆರೋಮ್ಫಿಸ್, ಕ್ಯಾಟುನಾರೆಗಮ್ ಎಂದು ಮೂರು ಸಿಕ್ಕಿವೆ. ಅದೂ ಇದೇ ಕಥೆ, ಅಲ್ವಾ?

ಧಾರವಾಡ ಪೇಡೆ:
ಹೌದು. ಕ್ಯಾಟುನಾರೆಗಮ್ ಸ್ಪೈನೋಸಾ ಮೊದಲ ಕಾಲಂಗೆ, ಉಳಿದೆರಡು ಎರಡನೆಯದಕ್ಕೆ.